ಸಿ ಮೈನರ್ ಸಿಂಫನಿ (ಗ್ರೀಗ್)

ಸಿ ಮೈನರ್ ಸಿಂಫನಿಯು ನಾರ್ವೆಯ ಸಂಗೀತ ರಚನಕಾರ ಎಡ್ವರ್ಡ್ ಗ್ರೀಗ್ (1843–1907) ಅವರ ಆರಂಭಿಕ ವಾದ್ಯವೃಂದ ಕೃತಿ. 1863–64ರಲ್ಲಿ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ರಚಿತವಾದ ಇದು ಅವರು ಪೂರ್ಣಗೊಳಿಸಿದ ಏಕೈಕ ಸಿಂಫನಿಯಾಗಿದೆ. 1860ರ ದಶಕದಲ್ಲಿ ಇದರ ಭಾಗಗಳು ಕೆಲವು ಬಾರಿ ಸಾರ್ವಜನಿಕವಾಗಿ ನುಡಿಸಲ್ಪಟ್ಟವು. ಅನಂತರ ಗ್ರೀಗ್ ತಮ್ಮ ಹಸ್ತಪ್ರತಿಯ ಮೇಲೆ ಇದನ್ನು ಎಂದಿಗೂ ಪ್ರದರ್ಶಿಸಕೂಡದು ಎಂಬ ಸೂಚನೆಯನ್ನು ಬರೆದು ಕೃತಿಯನ್ನು ಹಿಂತೆಗೆದುಕೊಂಡರು. ಅವರ ನಿಧನದ ನಂತರವೂ ಏಳು ದಶಕಗಳಿಗಿಂತ ಹೆಚ್ಚು ಕಾಲ ಈ ಸೂಚನೆಯನ್ನು ಪಾಲಿಸಲಾಯಿತು. 1980ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿಯೂ, 1981ರ ಮೇ ತಿಂಗಳಲ್ಲಿ ನಾರ್ವೆಯ ಬರ್ಗೆನ್‌ನಲ್ಲಿಯೂ ಸಿಂಫನಿಯು ಮತ್ತೆ ಕೇಳಿಬಂದಿತು. ರಚನಕಾರನ ಇಚ್ಛೆ ಮತ್ತು ಮುಂದಿನ ಪೀಳಿಗೆಯ ಹಕ್ಕು ಇವುಗಳ ನಡುವಿನ ಪ್ರಶ್ನೆಯಿಂದಾಗಿ ಈ ಕೃತಿ ಸಂಗೀತದ ಇತಿಹಾಸದಲ್ಲಿ ವಿಶೇಷ ಸ್ಥಾನ ಪಡೆದಿದೆ.

ಸಂಕ್ಷಿಪ್ತ ವಿವರ

ರಚನಕಾರ: ಎಡ್ವರ್ಡ್ ಗ್ರೀಗ್
ರಚನೆಯ ಕಾಲ: 1863–1864
ರಚನೆಯ ಸ್ಥಳ: ಕೋಪನ್‌ಹೇಗನ್
ಕೃತಿಸಂಖ್ಯೆ: ಇ.ಜಿ. 119 (ಓಪಸ್ ಸಂಖ್ಯೆ ಇಲ್ಲ)
ಭಾಗಗಳು: ನಾಲ್ಕು
ಅವಧಿ: ಸುಮಾರು 35 ನಿಮಿಷ

ಸಿಂಫನಿ ಎಂಬ ಪ್ರಕಾರ

ಸಿಂಫನಿಯು ಪೂರ್ಣ ವಾದ್ಯವೃಂದಕ್ಕಾಗಿ ಬರೆಯಲಾಗುವ, ಸಾಮಾನ್ಯವಾಗಿ ನಾಲ್ಕು ಭಾಗಗಳುಳ್ಳ ದೀರ್ಘ ರಚನೆ. ಹೈಡನ್, ಮೋಟ್ಸಾರ್ಟ್ ಮತ್ತು ಬೀಥೋವನ್ ಅವರ ಕೈಯಲ್ಲಿ ಬೆಳೆದ ಈ ಪ್ರಕಾರವು 19ನೆಯ ಶತಮಾನದ ಮಧ್ಯಭಾಗದ ವೇಳೆಗೆ ರಚನಕಾರನ ಸಾಮರ್ಥ್ಯದ ಅತ್ಯುನ್ನತ ಪರೀಕ್ಷೆ ಎನಿಸಿಕೊಂಡಿತ್ತು. ಜರ್ಮನಿಯ ಯೋಹಾನೆಸ್ ಬ್ರಾಮ್ಸ್ ಅವರಂಥ ಪ್ರತಿಭಾವಂತರು ಕೂಡ ತಮ್ಮ ಮೊದಲ ಸಿಂಫನಿಯನ್ನು ಮುಗಿಸಿದ್ದು 1876ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ.

ಕರ್ನಾಟಕ ಸಂಗೀತದ ಪರಿಚಯವುಳ್ಳವರಿಗೆ ಈ ಪ್ರಕಾರದ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸುವುದು ಉಪಯುಕ್ತ. ಕೃತಿಯೊಂದನ್ನು ಹಾಡುವಾಗ ಆಲಾಪನೆ, ನೆರವಲ್, ಕಲ್ಪನಾಸ್ವರಗಳ ಮೂಲಕ ರಾಗವನ್ನು ಬೆಳೆಸುವವನು ಗಾಯಕ ಅಥವಾ ವಾದಕ. ಸಿಂಫನಿಯಲ್ಲಿ ಆ ಬೆಳವಣಿಗೆಯ ಪ್ರತಿಯೊಂದು ಹಂತವನ್ನೂ ರಚನಕಾರನೇ ಸ್ವರಲಿಪಿಯಲ್ಲಿ ಬರೆದಿಡುತ್ತಾನೆ. ಹತ್ತಾರು ವಾದಕರು ಆ ಲಿಪಿಯನ್ನು ನೋಡಿಯೇ ನುಡಿಸುತ್ತಾರೆ. ಗುರುವಿನಿಂದ ಶಿಷ್ಯನಿಗೆ ಬಾಯಿಪಾಠದ ಮೂಲಕ ದಾಟಿದ ಕೃತಿಯೊಂದನ್ನು ಹಿಂತೆಗೆದುಕೊಳ್ಳುವುದು ಅಸಾಧ್ಯ. ಆದರೆ ಸಿಂಫನಿಯ ಲಿಪಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದು ಸಂಪೂರ್ಣ ಮೌನವಾಗುತ್ತದೆ. ಗ್ರೀಗ್ ಅವರ ಒಂದೇ ಸಾಲಿನ ಸೂಚನೆ ಅಷ್ಟು ದೀರ್ಘಕಾಲ ಪರಿಣಾಮಕಾರಿಯಾಗಿ ಉಳಿದುದಕ್ಕೆ ಇದೇ ಕಾರಣ.

ಶೀರ್ಷಿಕೆಯಲ್ಲಿರುವ 'ಸಿ' ಎಂಬುದು ಆಧಾರ ಷಡ್ಜವನ್ನು ಸೂಚಿಸುತ್ತದೆ. 'ಮೈನರ್' ಎಂಬುದು ಸ್ವರಶ್ರೇಣಿಯ ಹೆಸರು. ಮೈನರ್ ಶ್ರೇಣಿಯ ಸಹಜ ರೂಪದ ಸ್ವರಸ್ಥಾನಗಳು ನಠಭೈರವಿ ಮೇಳದ ಸ್ವರಗಳಿಗೂ, ಅದರ ಹಾರ್ಮನಿಕ್ ರೂಪದವು ಕೀರವಾಣಿ ಮೇಳದ ಸ್ವರಗಳಿಗೂ ಹೊಂದುತ್ತವೆ. ಮೇಜರ್ ಶ್ರೇಣಿಯು ಧೀರಶಂಕರಾಭರಣಕ್ಕೆ ಸಮಾನವಾಗಿದೆ. ಆದರೆ ಪಾಶ್ಚಾತ್ಯ ಕೃತಿಯು ಒಂದೇ ಷಡ್ಜದಲ್ಲಿ ನಿಲ್ಲದೆ ನಡುನಡುವೆ ಆಧಾರಸ್ವರವನ್ನೇ ಬದಲಿಸುತ್ತಾ ಸಾಗುವುದರಿಂದ ಈ ಹೋಲಿಕೆಯು ಸ್ವರಸ್ಥಾನಗಳಿಗೆ ಮಾತ್ರ ಸೀಮಿತ.

ಹಿನ್ನೆಲೆ

ಗ್ರೀಗ್ 1843ರ ಜೂನ್ 15ರಂದು ನಾರ್ವೆಯ ಪಶ್ಚಿಮ ಕರಾವಳಿಯ ಬಂದರು ನಗರವಾದ ಬರ್ಗೆನ್‌ನಲ್ಲಿ ಜನಿಸಿದರು. ತಾಯಿಯೇ ಅವರ ಮೊದಲ ಪಿಯಾನೋ ಗುರು. 1858ರ ಬೇಸಿಗೆಯಲ್ಲಿ ಪ್ರಸಿದ್ಧ ಪಿಟೀಲು ವಾದಕ ಊಲೆ ಬುಲ್ ಬಾಲಕನ ಪ್ರತಿಭೆಯನ್ನು ಗುರುತಿಸಿ, ಜರ್ಮನಿಯ ಲೈಪ್‌ಜಿಗ್ ಸಂಗೀತ ವಿದ್ಯಾಲಯಕ್ಕೆ ಕಳುಹಿಸುವಂತೆ ಹೆತ್ತವರನ್ನು ಒಪ್ಪಿಸಿದರು. ಮೆಂಡೆಲ್ಸನ್ 1843ರಲ್ಲಿ ಸ್ಥಾಪಿಸಿದ ಆ ವಿದ್ಯಾಲಯದಲ್ಲಿ ಗ್ರೀಗ್ 1862ರವರೆಗೆ ಅಧ್ಯಯನ ನಡೆಸಿದರು. ನಡುವೆ 1860ರಲ್ಲಿ ತೀವ್ರ ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಅದರ ಪರಿಣಾಮವನ್ನು ಅವರು ಜೀವನಪರ್ಯಂತ ಅನುಭವಿಸಬೇಕಾಯಿತು.

ಲೈಪ್‌ಜಿಗ್‌ನ ಶಿಕ್ಷಣದ ಬಗ್ಗೆ ಗ್ರೀಗ್ ಮುಂದೆ ಅಸಮಾಧಾನ ವ್ಯಕ್ತಪಡಿಸಿದ್ದುಂಟು. ತಂತಿವಾದ್ಯಗಳ ಸ್ವಭಾವದ ಅರಿವೇ ಇಲ್ಲದಿದ್ದಾಗ ಶಿಕ್ಷಕ ಕಾರ್ಲ್ ರೈನೆಕೆ ತಮಗೆ ನಾಲ್ಕು ತಂತಿವಾದ್ಯಗಳ ರಚನೆಯೊಂದನ್ನು ಬರೆಯಲು ಹೇಳಿದ್ದನ್ನೂ, ಅನಂತರ ವಾದ್ಯವೃಂದಕ್ಕಾಗಿ ಓವರ್ಚರ್ ಬರೆಯಲು ಸೂಚಿಸಿದಾಗ ಅದು ಅರ್ಧಕ್ಕೇ ನಿಂತುದನ್ನೂ ಅವರು ನೆನಪಿಸಿಕೊಂಡಿದ್ದಾರೆ. ಪಿಯಾನೋ ಮತ್ತು ಹಾರ್ಮನಿಯಲ್ಲಿ ಒಳ್ಳೆಯ ತಳಹದಿ ದೊರೆತರೂ ವಾದ್ಯವೃಂದವನ್ನು ಬಳಸುವ ಕಲೆಯಲ್ಲಿ ಅವರಿಗೆ ಸಾಕಷ್ಟು ತರಬೇತಿ ಇರಲಿಲ್ಲ. ಸಿಂಫನಿಯ ಮುಂದಿನ ಕಥೆಯನ್ನು ಅರ್ಥಮಾಡಿಕೊಳ್ಳಲು ಈ ಸಂಗತಿ ಮುಖ್ಯವಾಗಿದೆ.

1863ರಲ್ಲಿ ಗ್ರೀಗ್ ಕೋಪನ್‌ಹೇಗನ್‌ಗೆ ತೆರಳಿದರು. ಸುಮಾರು ನಾಲ್ಕು ಶತಮಾನಗಳ ಕಾಲ ಡೆನ್ಮಾರ್ಕ್‌ನೊಂದಿಗೆ ಕೂಡಿಕೊಂಡಿದ್ದ ನಾರ್ವೆಯು 1814ರಿಂದ ಸ್ವೀಡನ್‌ನೊಂದಿಗೆ ರಾಜಕೀಯ ಒಕ್ಕೂಟದಲ್ಲಿತ್ತಾದರೂ, ನಾರ್ವೆಯ ಕಲಾವಿದರಿಗೆ ಕೋಪನ್‌ಹೇಗನ್ ಇನ್ನೂ ಸಾಂಸ್ಕೃತಿಕ ಕೇಂದ್ರವಾಗಿಯೇ ಉಳಿದಿತ್ತು.

ರಚನೆ

ಕೋಪನ್‌ಹೇಗನ್‌ನಲ್ಲಿ ಗ್ರೀಗ್ ಆಗಿನ ಸ್ಕ್ಯಾಂಡಿನೇವಿಯಾದ ಅಗ್ರಗಣ್ಯ ರಚನಕಾರ ನೀಲ್ಸ್ ಗೇಡ್ ಅವರನ್ನು ಭೇಟಿಯಾದರು. ಗೇಡ್ ಎಂಟು ಸಿಂಫನಿಗಳನ್ನು ರಚಿಸಿದವರು. ಅವರ ಮೊದಲ ಸಿಂಫನಿಯೂ ಸಿ ಮೈನರ್‌ನಲ್ಲಿಯೇ ಇದ್ದು, 1843ರಲ್ಲಿ ಲೈಪ್‌ಜಿಗ್‌ನಲ್ಲಿ ಮೆಂಡೆಲ್ಸನ್ ಅವರ ನಿರ್ದೇಶನದಲ್ಲಿ ಪ್ರದರ್ಶಿತವಾಗಿತ್ತು. ತೋರಿಸಲು ಯೋಗ್ಯವಾದುದೇನೂ ತಮ್ಮಲ್ಲಿಲ್ಲ ಎಂದ ಯುವ ಗ್ರೀಗ್‌ಗೆ ಗೇಡ್ ಮನೆಗೆ ಹೋಗಿ ಒಂದು ಸಿಂಫನಿ ಬರೆಯುವಂತೆ ಹೇಳಿದರು. ಗ್ರೀಗ್ ಅವರ ನೆನಪಿನ ಪ್ರಕಾರ ಎರಡು ವಾರಗಳಲ್ಲಿ ಮೊದಲ ಭಾಗವು ವಾದ್ಯಸಂಯೋಜನೆಯ ಸಹಿತ ಸಿದ್ಧವಾಯಿತು. ಗೇಡ್ ಅದನ್ನು ಮೆಚ್ಚಿಕೊಂಡರು.

ಉಳಿದ ಭಾಗಗಳು ಅಷ್ಟು ವೇಗವಾಗಿ ಬರಲಿಲ್ಲ. ಇಡೀ ಸಿಂಫನಿ ಮುಗಿದದ್ದು 1864ರ ಮೇ ತಿಂಗಳ ಆರಂಭದಲ್ಲಿ. ಆಗ ಗ್ರೀಗ್ ಅವರಿಗೆ ಇನ್ನೂ 21 ವರ್ಷ ತುಂಬಿರಲಿಲ್ಲ.

ಸ್ವರೂಪ

ಸಿಂಫನಿಯ ನಾಲ್ಕು ಭಾಗಗಳು ಹೀಗಿವೆ:

1. ಅಲೆಗ್ರೋ ಮೋಲ್ಟೋ – ಅತಿ ದ್ರುತ
2. ಅಡಾಜಿಯೋ ಎಸ್ಪ್ರೆಸಿವೋ – ವಿಳಂಬ, ಭಾವಪೂರ್ಣ
3. ಇಂಟರ್ಮೆಟ್ಸೋ: ಅಲೆಗ್ರೋ ಎನರ್ಜಿಕೋ – ದ್ರುತ, ಓಜಸ್ವಿ
4. ಫಿನಾಲೆ: ಅಲೆಗ್ರೋ ಮೋಲ್ಟೋ ವಿವಾಚೆ – ಅತಿ ದ್ರುತ, ಉತ್ಸಾಹಭರಿತ

ಮೊದಲ ಭಾಗವು ಸೊನಾಟಾ ರೂಪದಲ್ಲಿದೆ. ಈ ರೂಪದಲ್ಲಿ ಪರಸ್ಪರ ಭಿನ್ನವಾದ ಸ್ವರವಸ್ತುಗಳನ್ನು ಮೊದಲಿಗೆ ಪರಿಚಯಿಸಲಾಗುತ್ತದೆ. ನಡುವಣ ಖಂಡದಲ್ಲಿ ಅವುಗಳನ್ನು ಬಿಡಿಸಿ, ಬೇರೆ ಬೇರೆ ಆಧಾರಸ್ವರಗಳ ಮೇಲೆ ಬೆಳೆಸಲಾಗುತ್ತದೆ. ಕೊನೆಗೆ ಮೂಲ ಆಧಾರಸ್ವರಕ್ಕೆ ಮರಳಿ ಅವನ್ನು ಪುನಃ ನಿರೂಪಿಸಲಾಗುತ್ತದೆ. ಸಿ ಮೈನರ್ ಎಂಬ ಆಯ್ಕೆ ಕೂಡ ಅರ್ಥಪೂರ್ಣವಾದುದು. ಬೀಥೋವನ್ ಅವರ ಐದನೆಯ ಸಿಂಫನಿಯಿಂದಾಗಿ ಈ ಶ್ರೇಣಿಯು ಸಂಘರ್ಷದಿಂದ ವಿಜಯದೆಡೆಗೆ ಸಾಗುವ ಸಂಗೀತದೊಂದಿಗೆ ಗುರುತಿಸಿಕೊಂಡಿತ್ತು. ಗ್ರೀಗ್ ಅವರ ಸಿಂಫನಿಯೂ ಮೈನರ್ ಶ್ರೇಣಿಯಲ್ಲಿ ಆರಂಭವಾಗಿ ಮೇಜರ್ ಶ್ರೇಣಿಯ ಉಲ್ಲಾಸದ ಅಂತಿಮ ಭಾಗದಲ್ಲಿ ಕೊನೆಗೊಳ್ಳುತ್ತದೆ.

ಎರಡನೆಯ ಭಾಗದಲ್ಲಿ ದೀರ್ಘವಾದ ಗೇಯ ಸ್ವರಧಾರೆಯಿದೆ. ಮೂರನೆಯ ಭಾಗದ ಬಿರುಸಾದ ಲಯದಲ್ಲಿ ನಾರ್ವೆಯ ಜನಪದ ನೃತ್ಯಗಳ ಛಾಯೆಯನ್ನು ವಿಮರ್ಶಕರು ಗುರುತಿಸಿದ್ದಾರೆ. ಒಟ್ಟಾರೆಯಾಗಿ ಸಿಂಫನಿಯ ಭಾಷೆ ಜರ್ಮನ್ ರಮ್ಯಪಂಥದ್ದು. ಶೂಮನ್, ಮೆಂಡೆಲ್ಸನ್ ಮತ್ತು ಗೇಡ್ ಅವರ ಪ್ರಭಾವ ಇದರಲ್ಲಿ ಸ್ಪಷ್ಟವಾಗಿದೆ. ಮುಂದೆ ಗ್ರೀಗ್ ಅವರ ಗುರುತಾಗಿ ಪರಿಣಮಿಸಿದ ಹಾರ್ಮನಿಯ ದಿಟ್ಟ ಬಣ್ಣಗಳು ಇಲ್ಲಿ ಅಲ್ಲಲ್ಲಿ ಮಾತ್ರ ಇಣುಕುತ್ತವೆ.

ಆರಂಭಿಕ ಪ್ರದರ್ಶನಗಳು

1864ರ ಜೂನ್ 4ರಂದು ಕೋಪನ್‌ಹೇಗನ್‌ನ ಟಿವೋಲಿ ಉದ್ಯಾನದಲ್ಲಿ ಹಾನ್ಸ್ ಕ್ರಿಸ್ಟಿಯನ್ ಲುಂಬೀ ಅವರ ನಿರ್ದೇಶನದಲ್ಲಿ ಸಿಂಫನಿಯ ಕೊನೆಯ ಮೂರು ಭಾಗಗಳನ್ನು ನುಡಿಸಲಾಯಿತು. ಗೇಡ್ ಮೆಚ್ಚಿದ್ದ ಮೊದಲ ಭಾಗವೇ ಆ ಕಾರ್ಯಕ್ರಮದಲ್ಲಿ ಇರಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಬರ್ಗೆನ್‌ನಲ್ಲಿಯೂ ಇದರ ಭಾಗಗಳು ಕೇಳಿಬಂದವು. ಅಂದರೆ ಗ್ರೀಗ್ ಮುಂದೆ ಹಿಂತೆಗೆದುಕೊಂಡದ್ದು ಶ್ರೋತೃಗಳಿಂದ ತಿರಸ್ಕೃತವಾದ ಅಥವಾ ಯಾರೂ ಕೇಳದ ಕೃತಿಯನ್ನಲ್ಲ.

ಹಿಂತೆಗೆತ

ಗ್ರೀಗ್ ತಮ್ಮ ಸಿಂಫನಿಯನ್ನು ಕೈಬಿಡಲು ಎರಡು ಬೆಳವಣಿಗೆಗಳು ಕಾರಣವಾದವು ಎಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ.

ಮೊದಲನೆಯದು ರಿಕಾರ್ಡ್ ನೂರ್‌ಡ್ರಾಕ್ (1842–1866) ಅವರೊಂದಿಗಿನ ಸ್ನೇಹ. ನಾರ್ವೆಯ ರಾಷ್ಟ್ರಗೀತೆಗೆ ಸ್ವರಸಂಯೋಜನೆ ಮಾಡಿದ ಈ ಯುವಕ, ಜರ್ಮನ್ ಮಾದರಿಗಳನ್ನು ಬಿಟ್ಟು ನಾರ್ವೆಯ ಜನರ ಹಾಡು ಮತ್ತು ಕುಣಿತಗಳಿಂದಲೇ ಹೊಸ ಸಂಗೀತ ಹುಟ್ಟಬೇಕೆಂದು ನಂಬಿದ್ದರು. 1864ರಲ್ಲಿ ಕೋಪನ್‌ಹೇಗನ್‌ನಲ್ಲಿ ಆರಂಭವಾದ ಈ ಒಡನಾಟವು ಗ್ರೀಗ್ ಅವರ ದಾರಿಯನ್ನೇ ಬದಲಿಸಿತು. 1865ರಲ್ಲಿ ಅವರು ಗೆಳೆಯರೊಂದಿಗೆ ಸೇರಿ ಸ್ಕ್ಯಾಂಡಿನೇವಿಯಾದ ಹೊಸ ಸಂಗೀತದ ಪ್ರಚಾರಕ್ಕಾಗಿ 'ಯೂಟರ್ಪೆ' ಎಂಬ ಸಂಘವನ್ನು ಸ್ಥಾಪಿಸಿದರು. 1866ರ ಮಾರ್ಚ್‌ನಲ್ಲಿ ನೂರ್‌ಡ್ರಾಕ್ ಕ್ಷಯರೋಗದಿಂದ ತೀರಿಕೊಂಡಾಗ ಗ್ರೀಗ್ ಅವರ ಸ್ಮರಣೆಗಾಗಿ ಶೋಕಯಾತ್ರೆಯ ಸಂಗೀತವನ್ನು ರಚಿಸಿದರು.

ಎರಡನೆಯದು ಯೋಹಾನ್ ಸ್ವೆನ್ಸೆನ್ (1840–1911) ಅವರ ಮೊದಲ ಸಿಂಫನಿ. ಡಿ ಮೇಜರ್‌ನಲ್ಲಿರುವ ಈ ಕೃತಿಯನ್ನು (ಓಪಸ್ 4) ಸ್ವೆನ್ಸೆನ್ ಲೈಪ್‌ಜಿಗ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಅವಧಿಯಲ್ಲಿ ಬರೆದಿದ್ದರು. 1867ರ ಅಕ್ಟೋಬರ್‌ನಲ್ಲಿ ಇಂದಿನ ಓಸ್ಲೋ ಆದ ಕ್ರಿಸ್ಟಿಯಾನಿಯಾದಲ್ಲಿ ಅದರ ಪ್ರದರ್ಶನ ನಡೆಯಿತು. ಗ್ರೀಗ್ ಅದನ್ನು ಕೇಳಿದ್ದಷ್ಟೇ ಅಲ್ಲದೆ ಪತ್ರಿಕೆಯಲ್ಲಿ ಮುಕ್ತಕಂಠದಿಂದ ಪ್ರಶಂಸಿಸಿದರು. ವಾದ್ಯವೃಂದದ ಮೇಲಿನ ಹಿಡಿತ ಮತ್ತು ನಾರ್ವೆಯ ಸೊಗಡು ಎರಡೂ ಆ ಕೃತಿಯಲ್ಲಿ ಒಂದಾಗಿದ್ದವು. ತಮ್ಮ ಸಿಂಫನಿಯಲ್ಲಿ ಇವೆರಡೂ ಸಾಲವು ಎಂಬುದು ಗ್ರೀಗ್‌ಗೆ ಮನದಟ್ಟಾಯಿತು. ಹಸ್ತಪ್ರತಿಯ ಮೇಲಿನ ನಿಷೇಧದ ಸೂಚನೆಗೆ ಈ ಅನುಭವವೇ ಕಾರಣವೆಂದು ಹೆಚ್ಚಿನ ಅಧ್ಯಯನಕಾರರು ಭಾವಿಸುತ್ತಾರೆ.

ಆದರೆ ಗ್ರೀಗ್ ಕೃತಿಯನ್ನು ಸಂಪೂರ್ಣವಾಗಿ ನಿರಾಕರಿಸಲಿಲ್ಲ. ನಡುವಿನ ಎರಡು ಭಾಗಗಳನ್ನು ಒಂದೇ ಪಿಯಾನೋದಲ್ಲಿ ಇಬ್ಬರು ನುಡಿಸುವಂತೆ ಅಳವಡಿಸಿ, 1869ರಲ್ಲಿ 'ಎರಡು ಸಿಂಫನಿಕ್ ರಚನೆಗಳು' (ಓಪಸ್ 14) ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಹಸ್ತಪ್ರತಿಯನ್ನು ಸುಡಲೂ ಇಲ್ಲ. ಅವರ ಇಚ್ಛೆಯಂತೆ ಅವರ ಸಂಗೀತದ ಹಸ್ತಪ್ರತಿಗಳು ಬರ್ಗೆನ್ ಸಾರ್ವಜನಿಕ ಗ್ರಂಥಾಲಯವನ್ನು ಸೇರಿದವು. ಅವುಗಳಲ್ಲಿ ಈ ಸಿಂಫನಿಯೂ ಒಂದು.

ಸಿಂಫನಿಯ ನಂತರದ ದಾರಿ

ಸಿಂಫನಿಯನ್ನು ಬದಿಗಿಟ್ಟ ಮರುವರ್ಷವೇ, 1868ರ ಬೇಸಿಗೆಯಲ್ಲಿ, ಗ್ರೀಗ್ ಎ ಮೈನರ್ ಪಿಯಾನೋ ಕನ್ಸರ್ಟೋವನ್ನು (ಓಪಸ್ 16) ರಚಿಸಿದರು. 1869ರ ಏಪ್ರಿಲ್ 3ರಂದು ಕೋಪನ್‌ಹೇಗನ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದ ಇದು ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು. ಇದರ ಆರಂಭದಲ್ಲಿ ಪಿಯಾನೋ ಮೇಲಿನಿಂದ ಕೆಳಗಿಳಿಯುವ ಮೂರು ಸ್ವರಗಳು ಷಡ್ಜ, ಕಾಕಲಿ ನಿಷಾದ ಮತ್ತು ಪಂಚಮಗಳಿಗೆ ಸಮಾನವಾಗಿವೆ. ನಾರ್ವೆಯ ಜನಪದ ಸಂಗೀತದಲ್ಲಿ ಕಂಡುಬರುವ ಈ ಸಂಚಾರವನ್ನು 'ಗ್ರೀಗ್ ಮೋಟಿಫ್' ಎಂದು ಕರೆಯುತ್ತಾರೆ. ಅದೇ ಕೃತಿಯ ಅಂತಿಮ ಭಾಗದಲ್ಲಿ ಹಾಲಿಂಗ್ ಎಂಬ ಜನಪದ ಕುಣಿತದ ಲಯವಿದೆ. ಸಿಂಫನಿಯಲ್ಲಿ ಅಂಚಿನಲ್ಲಿದ್ದ ಜನಪದ ಅಂಶವು ಇಲ್ಲಿ ಕೇಂದ್ರಕ್ಕೆ ಬಂದಿದೆ.

1870ರಲ್ಲಿ ಗ್ರೀಗ್ ನಾರ್ವೆಯ 25 ಜನಪದ ಹಾಡು ಮತ್ತು ಕುಣಿತಗಳನ್ನು ಪಿಯಾನೋಗೆ ಅಳವಡಿಸಿದರು (ಓಪಸ್ 17). ಲುಡ್ವಿಗ್ ಮಥಿಯಾಸ್ ಲಿಂಡೆಮಾನ್ 1853ರಿಂದ ಪ್ರಕಟಿಸುತ್ತಾ ಬಂದ ಮಲೆನಾಡಿನ ಹಾಡುಗಳ ಸಂಗ್ರಹ ಅವರಿಗೆ ಆಧಾರವಾಯಿತು. ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ' ಹೇಗೆ ಮಲೆಸೀಮೆಯೊಂದರ ಹಾಡುಗಳನ್ನು ಬರಹಕ್ಕೆ ತಂದು ಉಳಿಸಿತೋ, ಲಿಂಡೆಮಾನ್ ಸಂಗ್ರಹವೂ ನಾರ್ವೆಯ ಕಣಿವೆಗಳ ಹಾಡುಗಳನ್ನು ಹಾಗೆಯೇ ಉಳಿಸಿತು. ಅಲ್ಲಿನ ರಚನಕಾರರಿಗೆ ಅದು ಹೊಸ ಸಂಗೀತದ ಕಣಜವೂ ಆಯಿತು.

ಹೆನ್ರಿಕ್ ಇಬ್ಸನ್ ಅವರ 'ಪೀರ್ ಗಿಂಟ್' ನಾಟಕಕ್ಕೆ ಗ್ರೀಗ್ ನೀಡಿದ ಸಂಗೀತ (1876ರ ಪ್ರದರ್ಶನ), ಹಾಡುಗಳು ಮತ್ತು ಪಿಯಾನೋದ ಕಿರು ರಚನೆಗಳು ಅವರ ಹೆಸರನ್ನು ಶಾಶ್ವತಗೊಳಿಸಿದವು. ಅವರು ಮತ್ತೆ ಸಿಂಫನಿ ಬರೆಯಲಿಲ್ಲ. ಸ್ವೆನ್ಸೆನ್ 1876ರಲ್ಲಿ ಎರಡನೆಯ ಸಿಂಫನಿಯನ್ನು ನೀಡಿದರು. ಹೀಗೆ ಗೆಳೆಯರಿಬ್ಬರಲ್ಲಿ ಒಬ್ಬರು ವಾದ್ಯವೃಂದದ ದೊಡ್ಡ ರೂಪಗಳಲ್ಲಿ, ಮತ್ತೊಬ್ಬರು ಕಿರಿದಾದ ಗೇಯ ರೂಪಗಳಲ್ಲಿ ನಾರ್ವೆಯ ಸಂಗೀತವನ್ನು ಬೆಳೆಸಿದರು.

ಪುನಃ ಬೆಳಕಿಗೆ

ಗ್ರೀಗ್ 1907ರ ಸೆಪ್ಟೆಂಬರ್ 4ರಂದು ಬರ್ಗೆನ್‌ನಲ್ಲಿ ನಿಧನರಾದರು. ಅನಂತರವೂ ಗ್ರಂಥಾಲಯವು ಅವರ ಸೂಚನೆಯನ್ನು ಗೌರವಿಸಿತು. ಅಧ್ಯಯನಕಾರರು ಹಸ್ತಪ್ರತಿಯನ್ನು ನೋಡಬಹುದಾಗಿತ್ತು. ಆದರೆ ಪ್ರದರ್ಶನಕ್ಕೆ ಅವಕಾಶವಿರಲಿಲ್ಲ.

ಈ ಸ್ಥಿತಿ ಕೊನೆಗೊಂಡದ್ದು ನಾರ್ವೆಯ ಹೊರಗೆ. ಹಸ್ತಪ್ರತಿಯ ಪ್ರತಿಯೊಂದು ಸೋವಿಯತ್ ಒಕ್ಕೂಟವನ್ನು ತಲುಪಿ, 1980ರ ಡಿಸೆಂಬರ್‌ನಲ್ಲಿ ನಿರ್ದೇಶಕ ವಿತಾಲಿ ಕತಾಯೆವ್ ಮಾಸ್ಕೋದಲ್ಲಿ ಸಿಂಫನಿಯನ್ನು ಪ್ರದರ್ಶಿಸಿದರು. ಕೃತಿಯು ಒಮ್ಮೆ ಬಹಿರಂಗವಾದ ಮೇಲೆ ನಿಷೇಧವನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲವೆಂಬ ಅಭಿಪ್ರಾಯ ನಾರ್ವೆಯಲ್ಲಿ ಮೂಡಿತು. 1981ರ ಮೇ 30ರಂದು ಬರ್ಗೆನ್ ಅಂತರರಾಷ್ಟ್ರೀಯ ಉತ್ಸವದಲ್ಲಿ ಕಾರ್ಸ್ಟನ್ ಆಂಡರ್ಸನ್ ಅವರ ನಿರ್ದೇಶನದಲ್ಲಿ ಬರ್ಗೆನ್ ಸಿಂಫನಿ ವಾದ್ಯವೃಂದವು ಗ್ರೀಗ್ ಹುಟ್ಟೂರಿನಲ್ಲಿ ಇಡೀ ಕೃತಿಯನ್ನು ನುಡಿಸಿತು. ಇದೇ ತಂಡದ ಧ್ವನಿಮುದ್ರಿಕೆಯನ್ನು ಡೆಕ್ಕಾ ಸಂಸ್ಥೆ ಹೊರತಂದಿತು. 1980ರ ದಶಕದಲ್ಲಿ ಸಿಂಫನಿಯ ಸ್ವರಲಿಪಿ ಮುದ್ರಣಗೊಂಡು, ನೇಮೆ ಯಾರ್ವಿ ಸೇರಿದಂತೆ ಹಲವು ನಿರ್ದೇಶಕರು ಅದನ್ನು ಧ್ವನಿಮುದ್ರಿಸಿದರು.

ನೈತಿಕ ಪ್ರಶ್ನೆ

ಸಿಂಫನಿಯ ಪುನಃಪ್ರದರ್ಶನವು ಎತ್ತಿದ ಮೂಲಪ್ರಶ್ನೆ ಇಂದಿಗೂ ಚರ್ಚೆಯ ವಿಷಯವಾಗಿದೆ. ರಚನಕಾರನು ಸ್ಪಷ್ಟವಾಗಿ ಬೇಡವೆಂದು ಬರೆದಿಟ್ಟ ಮೇಲೆ ಅವನ ಕೃತಿಯನ್ನು ನುಡಿಸುವುದು ಸರಿಯೇ?

ವಿರೋಧದ ವಾದ ಸರಳವಾದುದು. ತನ್ನ ಹೆಸರಿನಲ್ಲಿ ಲೋಕ ಏನನ್ನು ಕೇಳಬೇಕು ಎಂದು ನಿರ್ಧರಿಸುವ ಹಕ್ಕು ಕಲಾವಿದನಿಗಿದೆ. ಗ್ರೀಗ್ ತಮ್ಮ ನಿರ್ಧಾರವನ್ನು ನಾಲ್ಕು ದಶಕಗಳ ಕಾಲ ಬದಲಿಸಲಿಲ್ಲ. ಅದು ಕ್ಷಣಿಕ ಬೇಸರದ ಮಾತಾಗಿರಲಿಲ್ಲ.

ಸಮರ್ಥನೆಯ ವಾದವು ಗ್ರೀಗ್ ಅವರ ನಡೆಯನ್ನೇ ಆಧರಿಸಿದೆ. ನಾಶಮಾಡಲು ಸಾಕಷ್ಟು ಸಮಯವಿದ್ದರೂ ಅವರು ಹಸ್ತಪ್ರತಿಯನ್ನು ಉಳಿಸಿದರು. ಅದರ ಅರ್ಧಭಾಗವನ್ನು ಪಿಯಾನೋ ರೂಪದಲ್ಲಿ ತಾವೇ ಪ್ರಕಟಿಸಿದರು. ಕೊನೆಗೆ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರುವಂತೆ ಮಾಡಿದರು. ಅವರ ಕಲೆಯ ಬೆಳವಣಿಗೆಯನ್ನು ತಿಳಿಯಲು ಈ ಕೃತಿ ಅನಿವಾರ್ಯ ಎಂಬುದು ಇನ್ನೊಂದು ವಾದ.

ಇಂಥ ಉದಾಹರಣೆಗಳು ಬೇರೆಡೆಯೂ ಇವೆ. ಫ್ರಾನ್ಸ್‌ನ ಜಾರ್ಜ್ ಬಿಜೆ 1855ರಲ್ಲಿ, 17ನೆಯ ವಯಸ್ಸಿನಲ್ಲಿ ಬರೆದು ಬದಿಗಿಟ್ಟಿದ್ದ ಸಿಂಫನಿಯು ಮೊದಲ ಬಾರಿಗೆ ಪ್ರದರ್ಶಿತವಾದದ್ದು 1935ರಲ್ಲಿ. ಆಸ್ಟ್ರಿಯಾದ ಆಂಟನ್ ಬ್ರುಕ್ನರ್ ತಾವೇ ರದ್ದುಪಡಿಸಿದ್ದ ಡಿ ಮೈನರ್ ಸಿಂಫನಿ ಇಂದು 'ಶೂನ್ಯ' ಸಂಖ್ಯೆಯ ಸಿಂಫನಿಯೆಂದು ಪ್ರಸಿದ್ಧವಾಗಿದೆ. ಸಾಹಿತ್ಯದಲ್ಲಿ, ತನ್ನ ಅಪ್ರಕಟಿತ ಬರಹಗಳನ್ನು ಸುಟ್ಟುಹಾಕುವಂತೆ ಫ್ರಾನ್ಸ್ ಕಾಫ್ಕಾ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ತಿಳಿಸಿದ್ದನ್ನೂ, ಬ್ರಾಡ್ ಅದನ್ನು ಪಾಲಿಸದೆ ಪ್ರಕಟಿಸಿದ್ದನ್ನೂ ಇದರೊಂದಿಗೆ ಹೋಲಿಸಬಹುದು.

ಮೌಲ್ಯಮಾಪನ

ಸಿಂಫನಿಯು ಗ್ರೀಗ್ ಅವರ ಪ್ರೌಢ ಕೃತಿಗಳ ಸಾಲಿಗೆ ಸೇರುವುದಿಲ್ಲ. ಸ್ವರವಸ್ತುಗಳನ್ನು ಬೆಳೆಸುವ ಬದಲು ಪುನರುಕ್ತಿಯನ್ನು ಅವಲಂಬಿಸುವುದು ಹಾಗೂ ಪ್ರಭಾವಗಳು ಎದ್ದುಕಾಣುವುದು ಇದರ ದೋಷಗಳೆಂದು ಹೇಳಲಾಗುತ್ತದೆ. ಆದರೆ ಇದರ ಚೈತನ್ಯ, ನಿಧಾನಗತಿಯ ಭಾಗದ ಮಾಧುರ್ಯ ಮತ್ತು ಇಪ್ಪತ್ತು ವರ್ಷದ ಯುವಕನೊಬ್ಬ ದೊಡ್ಡ ರೂಪವೊಂದನ್ನು ಕೊನೆಮುಟ್ಟಿಸಿದ ಧೈರ್ಯ ಇವು ಕೇಳುಗರ ಮೆಚ್ಚುಗೆ ಗಳಿಸಿವೆ.

ಗ್ರೀಗ್ ದೊಡ್ಡ ರೂಪಗಳನ್ನು ನಿರ್ವಹಿಸಲಾರದ ಕಿರುರಚನೆಗಳ ಕಲಾವಿದ ಎಂಬ ಅಭಿಪ್ರಾಯವು ಬಹುಕಾಲ ಪ್ರಚಲಿತವಾಗಿತ್ತು. ಅವರು ಸಿಂಫನಿಯ ರೂಪವನ್ನು ಕಲಿತು, ಪೂರ್ಣಗೊಳಿಸಿ, ಅದು ತಮ್ಮ ದನಿಯಲ್ಲವೆಂದು ತಿಳಿದ ಮೇಲೆ ಬಿಟ್ಟುಕೊಟ್ಟರು ಎಂಬುದನ್ನು ಈ ಕೃತಿ ತೋರಿಸುತ್ತದೆ. ಆ ಅರ್ಥದಲ್ಲಿ ಸಿ ಮೈನರ್ ಸಿಂಫನಿಯು ಗ್ರೀಗ್ ಆಗಬಹುದಾಗಿದ್ದ ಜರ್ಮನ್ ಪರಂಪರೆಯ ರಚನಕಾರನ ದಾಖಲೆಯಾಗಿದೆ. ಅದರ ಮೇಲಿನ ಒಂದು ಸಾಲಿನ ಸೂಚನೆಯು ಅವರು ಆಯ್ದುಕೊಂಡ ನಾರ್ವೆಯ ದಾರಿಯ ದಾಖಲೆಯಾಗಿದೆ.

ಕಾಲಾನುಕ್ರಮ

1843: ಬರ್ಗೆನ್‌ನಲ್ಲಿ ಗ್ರೀಗ್ ಜನನ
1858–1862: ಲೈಪ್‌ಜಿಗ್‌ನಲ್ಲಿ ವ್ಯಾಸಂಗ
1863: ಕೋಪನ್‌ಹೇಗನ್‌ನಲ್ಲಿ ಸಿಂಫನಿಯ ಆರಂಭ
1864: ಸಿಂಫನಿ ಪೂರ್ಣ, ಟಿವೋಲಿಯಲ್ಲಿ ಕೊನೆಯ ಮೂರು ಭಾಗಗಳ ಪ್ರದರ್ಶನ
1867: ಕ್ರಿಸ್ಟಿಯಾನಿಯಾದಲ್ಲಿ ಸ್ವೆನ್ಸೆನ್ ಸಿಂಫನಿಯ ಪ್ರದರ್ಶನ
1869: ನಡುವಿನ ಎರಡು ಭಾಗಗಳು ಓಪಸ್ 14 ಆಗಿ ಪ್ರಕಟಣೆ
1907: ಗ್ರೀಗ್ ನಿಧನ
1980: ಮಾಸ್ಕೋದಲ್ಲಿ ಪ್ರದರ್ಶನ
1981: ಬರ್ಗೆನ್‌ನಲ್ಲಿ ಪ್ರದರ್ಶನ